ಯಾವ ಸ್ಕೋರ್ ಕಳಿಸಬೇಕು, ಯಾವುದನ್ನು ಮನೆಯಲ್ಲೇ ಇಡಬೇಕು?

ಕರ್ನಾಟಕದಲ್ಲಿ ಓದಿ ಬೆಳೆದ ನನ್ನಂಥವರಿಗೆ ಪರೀಕ್ಷೆಯ ಅಂಕ ಎಂದರೆ ತಾನಾಗಿ ಬಂದು ಬೀಳುವ ವಿಷಯ. ಸಿಇಟಿ ಬರೆದೆವು, ಪಿಯು ಅಂಕದ ಅರ್ಧ, ಸಿಇಟಿಯ ಅರ್ಧ ಸೇರಿ ರ‍್ಯಾಂಕ್ ಬಂತು, ಕೌನ್ಸೆಲಿಂಗ್‌ನಲ್ಲಿ ಸಿಕ್ಕ ಸೀಟಿಗೆ ಹೋದೆವು. ಈಗಿನ ಜೆಇಇ ಮೇನ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಎರಡರಲ್ಲಿ ಒಳ್ಳೆಯದನ್ನು ಅವರೇ ಆರಿಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಆಯ್ಕೆ ಅಂತ ಇದ್ದದ್ದು ಗೇಟ್ ಪರೀಕ್ಷೆಯಲ್ಲಿ ಮಾತ್ರ. ಅದರ ಸ್ಕೋರ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಎರಡು ಸಲ ಬರೆದೆ, ಒಳ್ಳೆಯದನ್ನು ಹಾಕಿದೆ, ಎಂಟೆಕ್ ಸೀಟು ಸಿಕ್ಕಿತು. ಅದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ.

ಆದರೆ ಅಂಕ ಬಂದ ಮೇಲೆ, ಅದನ್ನು ತೋರಿಸಬೇಕೋ ಬೇಡವೋ ಎಂದು ವಿದ್ಯಾರ್ಥಿಯೇ ತೀರ್ಮಾನ ಮಾಡುವ ಪದ್ಧತಿಯೂ ಇದೆ ಎಂದು ಹತ್ತಿರದಿಂದ ನೋಡಿದ್ದು ಇತ್ತೀಚೆಗೆ. ಅಕ್ಕನ ಮಗಳು ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಲು ಕುಳಿತಾಗ. ಅಕ್ಕ-ಭಾವ ಇರುವುದು ಪುಣೆಯ ಚಿಂಚವಾಡದಲ್ಲಿ, ನಾನು ವಾಕಡದಲ್ಲಿ. ಮೂಲ ಗದಗಿನವರು. ಭಾವನಿಗೆ ಚಾಕಣದ ಕಾರ್ಖಾನೆಯೊಂದರಲ್ಲಿ ಕೆಲಸ. ಹುಡುಗಿ ಹನ್ನೆರಡನೇ ಕ್ಲಾಸು. ಮೂರು ಸಲ ಸ್ಯಾಟ್ ಬರೆದಿದ್ದಳು. ಮೂರನೆಯ ಫಲಿತಾಂಶ ಬಂದ ಮೇಲೆ ಶನಿವಾರ ಸಂಜೆ ಫೋನ್ ಬಂತು: "ಮಾಮಾ, ಇದನ್ನ ಕಳಸಬೇಕೋ ಬ್ಯಾಡೋ?"

ಪುಣೆ, ಮುಂಬೈ, ಹೈದರಾಬಾದಿನ ಎಷ್ಟೋ ಕನ್ನಡ ಮನೆಗಳಲ್ಲಿ ಈಗ ಇದೇ ಪ್ರಶ್ನೆ ಎದ್ದಿರಬಹುದು. ಉತ್ತರ ಕೊಡಲು ದುಡ್ಡು ತೆಗೆದುಕೊಳ್ಳುವ ಸಲಹೆಗಾರರು ಬೇಕಾದಷ್ಟು ಜನ ಇದ್ದಾರೆ. ಭಾವ ವಿಚಾರಿಸಿದ ಒಬ್ಬರು ಒಂದೇ ಮಾತಿನಲ್ಲಿ ಮುಗಿಸಿದ್ದರಂತೆ: "1500 ದಾಟದಿದ್ದರೆ ಕಳಿಸಲೇಬೇಡಿ." ಅಷ್ಟು ಸುಲಭದ ಸೂತ್ರ ಕೇಳಿದಾಗಲೇ ನನಗೆ ಅನುಮಾನ ಬಂತು. ಎರಡು ವಾರಾಂತ್ಯ ಅವಳ ಜೊತೆ ಕುಳಿತು ಒಂದೊಂದೇ ಕಾಲೇಜಿನ ನಿಯಮ ಓದಿದೆವು. ಆಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂರು ದಿನ, ಒಂದು ಮೊತ್ತ

ಮೊದಲು ಪರೀಕ್ಷೆಯ ಬಗ್ಗೆ ನಾಲ್ಕು ಮಾತು. ಸ್ಯಾಟ್ ನಡೆಸುವುದು ಕಾಲೇಜ್ ಬೋರ್ಡ್. 1926ರಿಂದ ಇರುವ ಪರೀಕ್ಷೆ ಇದು. ಭಾರತವೂ ಸೇರಿ ಅಮೆರಿಕದ ಹೊರಗೆ 2023ರಿಂದ ಡಿಜಿಟಲ್ ರೂಪದಲ್ಲೇ ಬರೆಯಬೇಕು. ಓದು-ಬರಹ ಒಂದು ಭಾಗ, ಗಣಿತ ಇನ್ನೊಂದು. ಪ್ರತಿ ಭಾಗಕ್ಕೆ 200ರಿಂದ 800, ಒಟ್ಟು 1600. ಇದರ ಬದಲು ಎಸಿಟಿ ಎಂಬ ಇನ್ನೊಂದು ಪರೀಕ್ಷೆ ಬರೆದರೂ ನಡೆಯುತ್ತದೆ, ಅದರ ಗರಿಷ್ಠ ಸ್ಕೋರ್ 36.

ಅಕ್ಕನ ಮಗಳ ಲೆಕ್ಕ ಹೀಗಿತ್ತು. ಮಾರ್ಚ್‌ನಲ್ಲಿ ಓದು-ಬರಹ 620, ಗಣಿತ 740, ಒಟ್ಟು 1360. ಆಗಸ್ಟ್‌ನಲ್ಲಿ 710 ಮತ್ತು 710, ಒಟ್ಟು 1420. ಅಕ್ಟೋಬರ್‌ನಲ್ಲಿ 680 ಮತ್ತು 780, ಒಟ್ಟು 1460.

ನಮ್ಮ ಅಭ್ಯಾಸದಂತೆ ನೋಡಿದರೆ ಅಕ್ಟೋಬರ್‌ನದ್ದೇ ದೊಡ್ಡದು, ಅದೊಂದನ್ನೇ ಕಳಿಸೋಣ ಅನ್ನಿಸುತ್ತದೆ. ಆದರೆ ಅಮೆರಿಕದ ಬಹಳಷ್ಟು ಕಾಲೇಜುಗಳು ಸೂಪರ್‌ಸ್ಕೋರ್ ಮಾಡುತ್ತವೆ. ಅಂದರೆ ಬೇರೆ ಬೇರೆ ದಿನ ಬರೆದ ಪರೀಕ್ಷೆಗಳಿಂದ ಪ್ರತಿ ಭಾಗದ ಅತ್ಯುತ್ತಮ ಅಂಕವನ್ನು ಆರಿಸಿ ಕೂಡಿಸುತ್ತವೆ. ಎಂಐಟಿ, ಜಾರ್ಜಿಯಾ ಟೆಕ್ ಹೀಗೆ ಮಾಡುವ ಸಂಸ್ಥೆಗಳು. ಆ ಲೆಕ್ಕದಲ್ಲಿ ಆಗಸ್ಟ್‌ನ 710, ಅಕ್ಟೋಬರ್‌ನ 780 ಸೇರಿ ಅವಳದು 1490. ಆಗಸ್ಟ್‌ನ ಮೊತ್ತ ಕಡಿಮೆ ಎಂದು ಅದನ್ನು ಬಿಟ್ಟಿದ್ದರೆ 30 ಅಂಕ ಕೈಬಿಟ್ಟು ಹೋಗುತ್ತಿತ್ತು. ನಮ್ಮ ರಾಜ್ಯದಲ್ಲಿ ಎರಡನೇ ಪಿಯುಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇಟ್ಟಿದ್ದಾರಲ್ಲ, ಮಕ್ಕಳಿಗೆ ಒಳ್ಳೆಯ ಅಂಕ ಉಳಿಸಿಕೊಳ್ಳಲು ಅವಕಾಶ ಕೊಟ್ಟು, ಹೆಚ್ಚುಕಡಿಮೆ ಅದೇ ಭಾವನೆ ಇಲ್ಲೂ ಇದೆ.

ಯಾವ ದಿನದ ಪರೀಕ್ಷೆಯ ಅಂಕ ಕಳಿಸಬೇಕು ಎಂದು ವಿದ್ಯಾರ್ಥಿ ಆರಿಸುವ ಸೌಲಭ್ಯಕ್ಕೆ ಸ್ಕೋರ್ ಚಾಯ್ಸ್ ಎಂದು ಹೆಸರು. ಕಾಲೇಜ್ ಬೋರ್ಡ್ ಇದನ್ನು 2009ರಲ್ಲಿ ತಂದಿತು. ಇಲ್ಲೊಂದು ಸೂಕ್ಷ್ಮವಿದೆ. ಅಧಿಕೃತ ವರದಿಯಲ್ಲಿ ದಿನವನ್ನು ಆರಿಸಬಹುದು, ಭಾಗವನ್ನು ಆರಿಸುವಂತಿಲ್ಲ. ಅಕ್ಟೋಬರ್‌ನ ಗಣಿತ ಕಳಿಸಿದರೆ ಅದೇ ದಿನದ ಓದು-ಬರಹದ 680 ಕೂಡ ಹೋಗುತ್ತದೆ. ಅದರಿಂದ ನಷ್ಟವಿಲ್ಲ, ಸೂಪರ್‌ಸ್ಕೋರ್ ಮಾಡುವವರು ಆ 680ನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಿಯಮ ಕಾಲೇಜಿನದು

ಎರಡನೆಯ ಪಾಠ: ಸ್ಕೋರ್ ಚಾಯ್ಸ್ ಕೊಟ್ಟಿರುವುದು ಪರೀಕ್ಷೆ ನಡೆಸುವವರು. ಒಪ್ಪುವುದೋ ಬಿಡುವುದೋ ಎನ್ನುವುದು ಕಾಲೇಜಿಗೆ ಬಿಟ್ಟದ್ದು. ಆದ್ದರಿಂದ "ಅಮೆರಿಕದಲ್ಲಿ ಹೀಗಂತೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದೊಂದು ಕಾಲೇಜಿನದು ಒಂದೊಂದು ದಾರಿ. ನಾವು ಅವಳ ಪಟ್ಟಿಯನ್ನು ನಾಲ್ಕು ಗುಂಪು ಮಾಡಿದೆವು.

ಮೊದಲ ಗುಂಪು, ಸ್ಕೋರ್ ಬೇಕೇ ಬೇಕು ಎನ್ನುವವರು. ಅವಳ ಪಟ್ಟಿಯಲ್ಲಿ ಜಾರ್ಜಿಯಾ ಟೆಕ್ ಮತ್ತು ಪರ್ಡ್ಯೂ. ಇಲ್ಲಿ ಕಳಿಸುವುದೋ ಬಿಡುವುದೋ ಎಂಬ ಪ್ರಶ್ನೆಯೇ ಇಲ್ಲ, ಯಾವ ದಿನದ್ದು ಎನ್ನುವುದಷ್ಟೇ ಪ್ರಶ್ನೆ.

ಎರಡನೆಯದು, ನೋಡುವುದೇ ಇಲ್ಲ ಎನ್ನುವವರು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಮುಂತಾದ ಎಲ್ಲ ಕ್ಯಾಂಪಸ್‌ಗಳೂ ಈ ಗುಂಪಿನವು. 1600 ಬಂದಿದ್ದರೂ ಪ್ರವೇಶದ ತೀರ್ಮಾನದಲ್ಲಿ ಅದಕ್ಕೆ ಜಾಗವಿಲ್ಲ. ಸ್ಯಾನ್ ಡಿಯಾಗೊ ಅರ್ಜಿಗಾಗಿ ನಾಲ್ಕನೇ ಸಲ ಪರೀಕ್ಷೆ ಬರೆಯೋಣವೇ ಎಂದು ಯೋಚಿಸುತ್ತಿದ್ದ ಭಾವನಿಗೆ ಇದು ಹೊಸ ಸುದ್ದಿ.

ಮೂರನೆಯದು, ಬರೆದದ್ದೆಲ್ಲ ತೋರಿಸಿ ಎನ್ನುವವರು. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಸ್ಕೋರ್ ಚಾಯ್ಸ್ ಒಪ್ಪುವುದಿಲ್ಲ. ಮೊದಲ ಸಲ ಬರೆದದ್ದರಿಂದ ಹಿಡಿದು ಎಲ್ಲವೂ ಬೇಕು.

ನಾಲ್ಕನೆಯದು ನಿಜವಾದ ತಲೆನೋವು: ಟೆಸ್ಟ್ ಆಪ್ಷನಲ್. ಕಳಿಸಿದರೆ ನೋಡುತ್ತೇವೆ, ಬಿಟ್ಟರೆ ಅದನ್ನೇ ದೋಷವೆಂದು ಎಣಿಸುವುದಿಲ್ಲ ಎನ್ನುವವರು. ಇದು ಕೊರೊನಾ ಕಾಲದಲ್ಲಿ ಹುಟ್ಟಿದ್ದೆಂದು ನಾನು ತಿಳಿದಿದ್ದೆ. ಮೇನ್ ರಾಜ್ಯದ ಬೋಡಿನ್ ಕಾಲೇಜು 1969ರಲ್ಲೇ ಸ್ಕೋರ್ ಕಡ್ಡಾಯ ಬಿಟ್ಟಿತ್ತಂತೆ. 2020ರಲ್ಲಿ ಪರೀಕ್ಷಾ ಕೇಂದ್ರಗಳೇ ಮುಚ್ಚಿದಾಗ ಉಳಿದ ನೂರಾರು ಕಾಲೇಜುಗಳು ಆ ದಾರಿ ಹಿಡಿದವು. ಆಮೇಲೆ ಒಂದೊಂದಾಗಿ ಹಿಂದಕ್ಕೆ ಬರುತ್ತಿವೆ. ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ 2024ರಲ್ಲಿ ಮತ್ತೆ ಸ್ಕೋರ್ ಕೇಳುವುದಾಗಿ ಪ್ರಕಟಿಸಿದವು. ಯೇಲ್ ಮಧ್ಯದ ದಾರಿ ಹಿಡಿದು ಸ್ಯಾಟ್, ಎಸಿಟಿ, ಎಪಿ, ಐಬಿ ಯಾವುದಾದರೂ ನಡೆದೀತು ಎಂದಿತು. ಕೊಲಂಬಿಯಾ, ಮಿಷಿಗನ್ ಆಪ್ಷನಲ್ ಆಗಿಯೇ ಉಳಿದವು. ಎರಡು ವರ್ಷದ ಹಿಂದೆ ಅಮೆರಿಕಕ್ಕೆ ಹೋದ ಪರಿಚಯದ ಹುಡುಗನ ಅನುಭವ ಈ ವರ್ಷಕ್ಕೆ ಹೊಂದದಿರುವುದು ಇದಕ್ಕೇ. ಅರ್ಜಿ ಹಾಕುವ ವರ್ಷದ ನಿಯಮವನ್ನು ಕಾಲೇಜಿನ ಜಾಲತಾಣದಲ್ಲೇ ಓದಬೇಕು.

ಹೆದ್ದಾರಿಯ ಬ್ಯಾನರ್ ಮತ್ತು ಕಾಲೇಜಿನ ಅಂಕಿ

ಅವಳ ಪಟ್ಟಿಯಲ್ಲಿ ಮಿಷಿಗನ್ ಮತ್ತು ಬೋಡಿನ್ ಟೆಸ್ಟ್ ಆಪ್ಷನಲ್. ಇಲ್ಲಿ 1490 ಕಳಿಸಬೇಕೇ?

ಸಾಮಾನ್ಯವಾಗಿ ಎಲ್ಲರೂ ಹೇಳುವ ವಿಧಾನ ಒಂದಿದೆ. ಕಾಲೇಜು ಸೇರಿದ ವಿದ್ಯಾರ್ಥಿಗಳ ಸ್ಕೋರ್‌ಗಳಲ್ಲಿ ಮೇಲಿನ ಕಾಲು ಭಾಗ, ಕೆಳಗಿನ ಕಾಲು ಭಾಗ ಬಿಟ್ಟು ನಡುವಿನ ಅರ್ಧ ಯಾವ ಅಂಕದಿಂದ ಯಾವ ಅಂಕದವರೆಗಿದೆ ಎಂದು ಪ್ರಕಟಿಸುತ್ತಾರೆ. ನಿಮ್ಮ ಸ್ಕೋರ್ ಆ ವ್ಯಾಪ್ತಿಯ ಮಧ್ಯಕ್ಕಿಂತ ಮೇಲಿದ್ದರೆ ಕಳಿಸಿ, ಕೆಳ ಅಂಚಿಗಿಂತ ಕೆಳಗಿದ್ದರೆ ಬಿಡಿ. ಸಲಹೆಗಾರರ 1500 ಹುಟ್ಟಿದ್ದೂ ಬಹುಶಃ ಇದರಿಂದಲೇ.

ದಿನವಿಡೀ ಡೇಟಾ ಜೊತೆ ಗುದ್ದಾಡುವ ಕೆಲಸ ನನ್ನದು. ಈ ವ್ಯಾಪ್ತಿಯನ್ನು ನೋಡಿದ ಕೂಡಲೇ ಕೇಳಬೇಕಾದ ಪ್ರಶ್ನೆ: ಇದು ಯಾರ ಅಂಕಗಳು? ಆಪ್ಷನಲ್ ಕಾಲೇಜಿನಲ್ಲಿ ಇದು ಸೇರಿದ ಎಲ್ಲರದ್ದಲ್ಲ, ಸ್ಕೋರ್ ಕಳಿಸಿ ಸೇರಿದವರದ್ದು ಮಾತ್ರ. ಹೆಚ್ಚು ಬಂದವರು ಕಳಿಸಿದ್ದಾರೆ, ಕಡಿಮೆ ಬಂದವರು ಸುಮ್ಮನಿದ್ದಾರೆ. ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಫಲಿತಾಂಶದ ನಂತರ ಏಳುವ ಕೋಚಿಂಗ್ ಕ್ಲಾಸುಗಳ ಬ್ಯಾನರ್ ನೆನಪಿಸಿಕೊಳ್ಳಿ. ಅದರಲ್ಲಿರುವ ಮುಖಗಳನ್ನು ನೋಡಿ ಆ ಕ್ಲಾಸಿನ ಎಲ್ಲರಿಗೂ 98 ಪರ್ಸೆಂಟ್ ಬಂದಿದೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಕಾಲೇಜಿನ ವ್ಯಾಪ್ತಿಯೂ ಈಗ ಅರೆಬರೆ ಅಂಥ ಬ್ಯಾನರ್ರೇ. ಅದನ್ನು ನೋಡಿ ಮುಂದಿನ ವರ್ಷದ ಮಕ್ಕಳು ಇನ್ನಷ್ಟು ಹೆದರುತ್ತಾರೆ, ಇನ್ನಷ್ಟು ಜನ ಬಿಡುತ್ತಾರೆ, ವ್ಯಾಪ್ತಿ ಇನ್ನೂ ಮೇಲೇರುತ್ತದೆ.

ನಿಜ ಸ್ಥಿತಿ ತಿಳಿಯಲು ದಾರಿಯೊಂದಿದೆ. ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ ಕಾಮನ್ ಡೇಟಾ ಸೆಟ್ ಎಂಬ ದಾಖಲೆ ಹೊರತರುತ್ತವೆ. ಕಾಲೇಜಿನ ಹೆಸರಿನ ಜೊತೆ ಈ ಮೂರು ಪದ ಹಾಕಿ ಹುಡುಕಿದರೆ ಸಿಗುತ್ತದೆ. ಅದರ ಸಿ9 ಎಂಬ ಭಾಗದಲ್ಲಿ ನಡುವಿನ ವ್ಯಾಪ್ತಿಯ ಜೊತೆಗೆ, ಸೇರಿದವರಲ್ಲಿ ಶೇಕಡಾ ಎಷ್ಟು ಜನ ಸ್ಕೋರ್ ಕಳಿಸಿದ್ದರು ಎನ್ನುವುದೂ ಇರುತ್ತದೆ. ಸಿ7ರಲ್ಲಿ ಪ್ರವೇಶಕ್ಕೆ ಯಾವುದಕ್ಕೆ ಎಷ್ಟು ತೂಕ ಎಂಬ ಪಟ್ಟಿ ಇರುತ್ತದೆ: ಶಾಲೆಯ ಅಂಕ, ಪ್ರಬಂಧ, ಶಿಕ್ಷಕರ ಶಿಫಾರಸು, ಪರೀಕ್ಷಾ ಸ್ಕೋರ್. ಸೇರಿದವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಕಳಿಸಿದ್ದರೆ ಆ ವ್ಯಾಪ್ತಿಯನ್ನು ಬ್ಯಾನರ್ ಎಂದೇ ಓದಬೇಕು. ಹೆಚ್ಚಿನವರು ಕಳಿಸಿದ್ದರೆ, ಅಲ್ಲಿ ಆಪ್ಷನಲ್ ಎನ್ನುವುದು ಹೆಸರಿಗೆ ಮಾತ್ರ ಎಂದೂ ಅರ್ಥವಾಗಬಹುದು.

ಬಿಟ್ಟವರೂ ಕಳೆದುಕೊಳ್ಳುತ್ತಾರೆ

ಈ ಹೆದರಿಕೆಯ ಬೆಲೆ ಎಷ್ಟು ಎಂದು ತೋರಿಸಿದ್ದು ಡಾರ್ಟ್‌ಮತ್. ಅಲ್ಲಿನ ಪ್ರಾಧ್ಯಾಪಕರು ತಮ್ಮದೇ ಕಾಲೇಜಿನ ಪ್ರವೇಶ ದಾಖಲೆಗಳನ್ನು ಪರಿಶೀಲಿಸಿ 2024ರ ಆರಂಭದಲ್ಲಿ ವರದಿ ಕೊಟ್ಟರು. ಕಡಿಮೆ ಅನುಕೂಲವಿರುವ ಮನೆ, ಶಾಲೆಗಳಿಂದ ಬಂದು 1400ರ ಆಸುಪಾಸು ಸ್ಕೋರ್ ಪಡೆದಿದ್ದ ಎಷ್ಟೋ ಮಕ್ಕಳು, ಕಳಿಸಿದ್ದರೆ ತಮಗೇ ಲಾಭವಾಗುತ್ತಿದ್ದ ಸ್ಕೋರನ್ನು ತಡೆಹಿಡಿದಿದ್ದರು. ಯಾಕೆಂದರೆ ಪ್ರವೇಶ ಸಮಿತಿ ಸ್ಕೋರನ್ನು ಒಂಟಿಯಾಗಿ ಓದುವುದಿಲ್ಲ. ಆ ಶಾಲೆ ಎಂಥದ್ದು, ಅಲ್ಲಿಂದ ಬರುವವರಿಗೆ ಸಾಮಾನ್ಯವಾಗಿ ಎಷ್ಟು ಬರುತ್ತದೆ ಎಂಬುದರ ಪಕ್ಕದಲ್ಲಿಟ್ಟು ಓದುತ್ತದೆ. ಅದಾದ ಕೂಡಲೇ ಡಾರ್ಟ್‌ಮತ್ ಸ್ಕೋರನ್ನು ಮತ್ತೆ ಕಡ್ಡಾಯ ಮಾಡಿತು.

ಇದನ್ನು ನಮ್ಮ ಕಡೆಗೆ ತಂದು ನೋಡಿ. ಗದಗ ಜಿಲ್ಲೆಯ ಹಳ್ಳಿಯೊಂದರ ಹುಡುಗ, ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಸರ್ಕಾರಿ ಪಿಯು ಕಾಲೇಜು, ಸ್ಯಾಟ್‌ನಲ್ಲಿ 1400 ತಂದ ಎಂದುಕೊಳ್ಳಿ. ಅವನ ಮಾರ್ಕ್ಸ್ ಕಾರ್ಡ್ ನೋಡಿದ ಅಮೆರಿಕದ ಅಧಿಕಾರಿಗೆ ಪಿಯು ಬೋರ್ಡಿನ 94 ಪರ್ಸೆಂಟ್ ಎಂದರೆ ಎಷ್ಟು ಎತ್ತರ ಎಂದು ಅಂದಾಜಾಗುವುದು ಕಷ್ಟ. ಆದರೆ 1400 ಎಂದರೆ ಏನು ಎಂದು ಗೊತ್ತು. ಪುಣೆಯ ಇಂಟರ್‌ನ್ಯಾಷನಲ್ ಶಾಲೆಯ ಹುಡುಗನ 1400 ಬೇರೆ, ಇವನ 1400 ಬೇರೆ. "1500 ದಾಟದಿದ್ದರೆ ಬೇಡ" ಎಂಬ ಸಲಹೆ ಕೇಳಿ ಈ ಹುಡುಗ ಸುಮ್ಮನಾದರೆ, ಅವನ ಪರವಾಗಿ ಗಟ್ಟಿಯಾಗಿ ಮಾತಾಡುವ ಒಂದೇ ಕಾಗದ ಲಕೋಟೆಯಿಂದ ಹೊರಗುಳಿದಂತೆ.

ಅಕ್ಕನ ಮಗಳು ಅಂಥ ಹಿನ್ನೆಲೆಯವಳಲ್ಲ. ಅವಳದು ನಗರದ ಇಂಗ್ಲಿಷ್ ಮಾಧ್ಯಮದ ಸಿಬಿಎಸ್‌ಇ ಶಾಲೆ. ಹಾಗಾಗಿ ಅವಳಿಗೆ ಬೇರೆ ಪ್ರಶ್ನೆ ಕೇಳಿಕೊಂಡೆವು: ಅರ್ಜಿಯ ಉಳಿದ ಭಾಗ ಹೇಳದೆ ಇರುವ ಏನನ್ನಾದರೂ ಈ ಸ್ಕೋರ್ ಹೇಳುತ್ತದೆಯೇ? ಅವಳು ಕೇಳುತ್ತಿರುವುದು ಕಂಪ್ಯೂಟರ್ ಸೈನ್ಸ್. ಹನ್ನೊಂದನೆಯ ಕ್ಲಾಸಿನಲ್ಲಿ ಟೈಫಾಯ್ಡ್ ಬಂದು ಗಣಿತದ ಅಂಕ ಕುಸಿದಿತ್ತು. ಸ್ಯಾಟ್ ಗಣಿತದ 780 ಅದಕ್ಕೆ ನೇರ ಉತ್ತರ. ಪ್ರಬಂಧದಲ್ಲಿ ಎರಡು ಪ್ಯಾರಾ ಬರೆದು ಸಮಜಾಯಿಷಿ ಕೊಡುವುದಕ್ಕಿಂತ ಆ ಒಂದು ಸಂಖ್ಯೆ ಮೇಲು. ಎರಡು ಆಪ್ಷನಲ್ ಕಾಲೇಜುಗಳಲ್ಲಿ ಒಂದರಲ್ಲಿ 1490 ವ್ಯಾಪ್ತಿಯ ನಡುವೆ ಕೂರುತ್ತಿತ್ತು, ಇನ್ನೊಂದರಲ್ಲಿ ಕೆಳ ಅಂಚಿನ ಹತ್ತಿರ. ಎರಡಕ್ಕೂ ಕಳಿಸುವುದೆಂದು ನಿರ್ಧಾರವಾಯಿತು. ಗಣಿತದ ಅಂಕ ಚೆನ್ನಾಗಿದ್ದು ಸ್ಯಾಟ್‌ನಲ್ಲೇ ಕುಸಿದಿದ್ದರೆ ಅದೇ ಹುಡುಗಿಗೆ ಬೇರೆ ಉತ್ತರ ಬರುತ್ತಿತ್ತು.

ದುಡ್ಡಿನ ಮಾತೂ ಇದೆ. ಅಮೆರಿಕದ ದೊಡ್ಡ ಖಾಸಗಿ ಕಾಲೇಜಿನಲ್ಲಿ ಊಟ-ವಸತಿ ಸೇರಿ ವರ್ಷದ ಖರ್ಚು 80 ಸಾವಿರ ಡಾಲರ್ ದಾಟುತ್ತದೆ. ಭಾವ ಗದಗಿನ ಪ್ಲಾಟ್ ಮಾರುವ ಮಾತು ಎತ್ತಿದ್ದರು. ಬೋಡಿನ್, ಡಾರ್ಟ್‌ಮತ್, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವೇ ಕೆಲವು ಕಡೆ ವಿದೇಶಿ ವಿದ್ಯಾರ್ಥಿ ನೆರವು ಕೇಳಿದ್ದಾನೆ ಎಂಬುದನ್ನು ಪ್ರವೇಶದ ವೇಳೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ ಬಹುಪಾಲು ಕಡೆ ಹಿಡಿಯುತ್ತಾರೆ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಪ್ರವೇಶಕ್ಕೆ ಸ್ಕೋರ್ ಬೇಡ, ಆದರೆ ಪ್ರತಿಭಾ ವಿದ್ಯಾರ್ಥಿವೇತನಕ್ಕೆ ಬೇಕು. ಆದ್ದರಿಂದ ಬಿಡುವ ಮುನ್ನ ಸ್ಕಾಲರ್‌ಶಿಪ್ ಪುಟವನ್ನೂ ಒಮ್ಮೆ ಓದಿಕೊಳ್ಳಿ.

ಮಾರ್ಚ್‌ನ 1360

ಉಳಿದದ್ದು ಜಾರ್ಜ್‌ಟೌನ್. ಅಲ್ಲಿಗೆ ಮೂರೂ ಹೋಗಬೇಕು. ಮಾರ್ಚ್‌ನ 1360 ಕೂಡ.

ಮನೆಯಲ್ಲಿ ನಿಜವಾದ ಜಟಾಪಟಿ ನಡೆದದ್ದು ಇದರ ಮೇಲೆ. "ಅದು ಒಂದನ್ನ ಬಿಟ್ಟ್ರ ಅವರಿಗೆ ಹ್ಯಾಂಗ ಗೊತ್ತಾಗತದ?" ಭಾವನ ಪ್ರಶ್ನೆ. ಕಾಲೇಜ್ ಬೋರ್ಡಿನ ತಾಣದಲ್ಲಿ ಟಿಕ್ ಮಾಡದಿದ್ದರೆ ಅದು ಹೋಗುವುದಿಲ್ಲ, ತಾಂತ್ರಿಕವಾಗಿ ಸರಿ. ಭಾವ ಕೆಟ್ಟವರಲ್ಲ. ಮಗಳ ಕೈಲಿರುವ ಅತ್ಯಂತ ದುರ್ಬಲ ಕಾಗದವನ್ನು ತಾವೇ ಮುಂದೆ ಹಿಡಿಯಬೇಕೇ ಎಂಬ ಸಂಕಟ ಅವರದು. ಅಕ್ಕ ಆ ಕಾಲೇಜನ್ನೇ ಪಟ್ಟಿಯಿಂದ ತೆಗೆದುಬಿಡು ಎಂದಳು.

ನಾನು ಹೇಳಿದ್ದು ಇಷ್ಟೇ. ಆಪ್ಷನಲ್ ಕಡೆ ಬಿಡುವುದು ಅವರೇ ಕೊಟ್ಟ ಅವಕಾಶ, ಅದರಲ್ಲಿ ಮುಚ್ಚುಮರೆ ಇಲ್ಲ. ಎಲ್ಲ ತೋರಿಸಿ ಎಂದವರ ಎದುರು ಬಿಡುವುದು ಬೇರೆ. ಅರ್ಜಿಯ ಕೊನೆಯಲ್ಲಿ ಇದರಲ್ಲಿರುವುದೆಲ್ಲ ಪೂರ್ಣ ಮತ್ತು ಸತ್ಯ ಎಂದು ಹುಡುಗಿ ಸಹಿ ಹಾಕುತ್ತಾಳೆ, ನಾವಲ್ಲ. ಆಮೇಲೆ ಗೊತ್ತಾದರೆ ಸಿಕ್ಕ ಸೀಟನ್ನೂ ಹಿಂಪಡೆಯಬಹುದು. ಅದಕ್ಕಿಂತ ಹೆಚ್ಚಾಗಿ, ಹದಿನೇಳು ವರ್ಷದ ಮಗು ತನ್ನ ಮೊದಲ ದೊಡ್ಡ ಸಹಿಯನ್ನು ಹೇಗೆ ಹಾಕಬೇಕು ಎಂಬ ಪ್ರಶ್ನೆ ಅದು.

ಅವಳು ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ನೋಡುತ್ತಾ ಕುಳಿತಿದ್ದಳು. "ಕಳಸೋಣ ಮಾಮಾ. ಮಾರ್ಚ್‌ನ್ಯಾಗ ಬರದಾಕಿನೂ ನಾನ ಅಲ್ಲೇನು?" ಎಂದಳು. ಭಾವ ಏನೂ ಹೇಳದೆ ಚಹಾ ಮಾಡಲು ಎದ್ದರು. ಮೂರನ್ನೂ ಕಳಿಸಿದಳು. 1360ರಿಂದ 1460ಕ್ಕೆ ಏಳು ತಿಂಗಳಲ್ಲಿ ಏರಿದ್ದಾಳೆ ಎನ್ನುವುದೂ ಆ ಕಾಗದದಲ್ಲೇ ಕಾಣುತ್ತದಲ್ಲ.

ಕಳಿಸುವ ಮುನ್ನ

ಕೊನೆಗೆ ಕೆಲವು ಕೆಲಸದ ಮಾತು, ನಮಗೆ ಉಪಯೋಗಕ್ಕೆ ಬಂದದ್ದು.

ಬಹಳಷ್ಟು ಕಾಲೇಜುಗಳು ಮೊದಲ ಹಂತದಲ್ಲಿ ವಿದ್ಯಾರ್ಥಿಯೇ ಅರ್ಜಿಯಲ್ಲಿ ತುಂಬಿದ ಸ್ಕೋರನ್ನು ಒಪ್ಪುತ್ತವೆ. ಅಧಿಕೃತ ವರದಿ ಬೇಕಾಗುವುದು ಸೀಟು ಸಿಕ್ಕ ಮೇಲೆ. ಪ್ರತಿ ವರದಿಗೂ ಡಾಲರಿನಲ್ಲಿ ಶುಲ್ಕ ಇರುವುದರಿಂದ, ಕೇಳದ ಕಾಲೇಜಿಗೆ ಮೊದಲೇ ಕಳಿಸಿ ದುಡ್ಡು ಹಾಕಬೇಡಿ. ತುಂಬಿದ ಅಂಕ ವರದಿಗೆ ಅಂಕಿಅಂಕಿ ತಾಳೆಯಾಗಬೇಕು.

ಪರೀಕ್ಷೆಗೆ ನೋಂದಾಯಿಸಿದಾಗ ನಾಲ್ಕು ಉಚಿತ ವರದಿ ಸಿಗುತ್ತವೆ. ಆದರೆ ಯಾವ ಕಾಲೇಜಿಗೆ ಎಂದು ಪರೀಕ್ಷೆಯಾದ ಒಂಬತ್ತು ದಿನದೊಳಗೆ ಹೇಳಬೇಕು. ಫಲಿತಾಂಶ ಬರುವುದು ಅದಾದ ಮೇಲೆ. ಅಂದರೆ ಅಂಕ ನೋಡದೆ ಕಳಿಸಿದಂತೆ. ಆಯ್ಕೆ ಮಾಡುವ ಅವಕಾಶ ಉಳಿಸಿಕೊಳ್ಳಬೇಕೆಂದರೆ ಪುಕ್ಕಟೆ ಎಂಬ ಆಸೆ ಬಿಡಬೇಕಾಗುತ್ತದೆ.

ಹೆಸರಿನ ವಿಷಯ ನಮ್ಮವರಿಗೆ ವಿಶೇಷ. ಇನಿಷಿಯಲ್ ಒಂದು ಕಡೆ, ಊರಿನ ಹೆಸರು ಒಂದು ಕಡೆ, ಮಹಾರಾಷ್ಟ್ರದ ಶಾಲೆಯಲ್ಲಿ ನಡುವೆ ಅಪ್ಪನ ಹೆಸರು. ಪಾಸ್‌ಪೋರ್ಟ್, ಕಾಲೇಜ್ ಬೋರ್ಡ್ ಖಾತೆ, ಅರ್ಜಿ ಮೂರರಲ್ಲೂ ಒಂದೇ ರೀತಿ ಇರಲಿ. ಇಲ್ಲದಿದ್ದರೆ ಸ್ಕೋರ್ ಒಂದು ಕಡೆ, ಅರ್ಜಿ ಇನ್ನೊಂದು ಕಡೆ ಉಳಿಯುತ್ತವೆ.

ಒಂದು ಹಾಳೆಯಲ್ಲಿ ಐದು ಅಂಕಣ ಎಳೆಯಿರಿ: ಕಾಲೇಜು, ಸ್ಕೋರ್ ಬೇಕೋ ಬೇಡವೋ, ಎಲ್ಲವೂ ಬೇಕೋ ಆರಿಸಬಹುದೋ, ಸೂಪರ್‌ಸ್ಕೋರ್ ಉಂಟೋ, ಕೊನೆಯ ದಿನಾಂಕ. ಪ್ರತಿ ಮನೆಯನ್ನೂ ಆ ಕಾಲೇಜಿನ ಪುಟ ನೋಡಿಯೇ ತುಂಬಿ. ನಮಗೆ ಇದಕ್ಕೆ ಒಂದು ಭಾನುವಾರ ಹಿಡಿಯಿತು. ತುಂಬಿ ಮುಗಿದಾಗ ಯೋಚಿಸಬೇಕಾದ ಕಾಲೇಜು ಎರಡೇ ಉಳಿದಿದ್ದವು. ಉಳಿದವಕ್ಕೆಲ್ಲ ನಿಯಮವೇ ಉತ್ತರ ಹೇಳಿಬಿಟ್ಟಿತ್ತು. ಆ ಎರಡರ ಬಗ್ಗೆ ಮಾತ್ರ ಮಕ್ಕಳ ಜೊತೆ ಕುಳಿತು ಮಾತಾಡಿ, ಕೊನೆಯ ಮಾತನ್ನು ಅವರಿಗೇ ಬಿಡಿ. ನಾಳೆ ಆ ಊರಿಗೆ ಹೋಗಿ ಓದುವವರು ಅವರೇ.